ಬೇಲಿಯ ಈಚೆ

ದಿನಕ್ಕೆ ಸಾವಿರ ಪೈನ್ ನೆಟ್ಟ ಕೈ ಇದು.
ಗುದ್ದಲಿಯ ಒಂದೇ ಏಟು, ಸಸಿ, ಹಿಮ್ಮಡಿಯ ತುಳಿತ,
ಎರಡು ಹೆಜ್ಜೆ, ಮತ್ತೆ ಏಟು.
ಹದಿನಾರು ಚಳಿಗಾಲ ಕಂಪನಿಯ ಲೆಕ್ಕಕ್ಕೆ ಬಗ್ಗಿದ್ದೇನೆ;
ಮಾವುಲೆ ಕರಾವಳಿಯ ಗುಡ್ಡಗಳಲ್ಲಿ
ನಾನು ಸಾಲು ತೆಗೆದು ಬಾಚದ ತಲೆಯಿಲ್ಲ.

ಸುನಿಲ್ಡಾ ಅರಿಯಗಾದ ಕೇಳಿದಳು:
"ನೊಲ್ಬೆರ್ತೊ, ನಿಧಾನಕ್ಕೆ ನೆಡೋದು ಬರುತ್ತಾ ನಿನಗೆ?"
ಬರುತ್ತಿರಲಿಲ್ಲ.
ಬರುತ್ತೆ ಅಂದೆ. ಕೂಲಿ ಬೇಕಿತ್ತು.

ಅವಳದು ಹನ್ನೊಂದು ಹೆಕ್ಟೇರಿನ ಕಣಿವೆ.
ಮೂರು ದಿಕ್ಕಿಗೂ ಕಂಪನಿಯ ಪೈನು,
ನಾಲ್ಕನೆಯದಕ್ಕೆ ತೊರೆ.
ನಡುವೆ ಹತ್ತೊಂಬತ್ತು ಕೆಯುಲೆ ಮರ,
ಅಣ್ಣತಮ್ಮಂದಿರಿಲ್ಲದ,
ತನ್ನ ಕುಲಕ್ಕೆ ತಾನೊಂದೇ ಆದ ಮರ.
ಅದರ ಹಳದಿ ಹಣ್ಣಿನ ಮುರಬ್ಬ ಮಾಡಿ
ಕಾವ್ಕೇನೆಸ್ ಸಂತೆಯಲ್ಲಿ ಮಾರಿ
ತಾಯಿ ಇವಳಿಗೆ ಶಾಲೆಯ ಬೂಟು ಕೊಡಿಸಿದ್ದಳಂತೆ.
ಅದಕ್ಕಿಂತ ದೊಡ್ಡ ಕಾರಣ ನಾನು ಕೇಳಲಿಲ್ಲ,
ಅವಳು ಹೇಳಲಿಲ್ಲ.
ಮೂರಕ್ಕಿಂತ ಹೆಚ್ಚು ತಿಂದರೆ ತಲೆ ತಿರುಗುತ್ತದೆ ಅಂದಳು.
ನಾಲ್ಕು ತಿಂದೆ.

ನೋಟರಿಯ ಕಚೇರಿಗೆ ಸಾಕ್ಷಿಯಾಗಿ ಹೋದೆ.
ಮಾರಬಹುದು, ಮಕ್ಕಳಿಗೆ ಹಂಚಬಹುದು,
ಯಾರ ಕೈಗೆ ಹೋದರೂ ಸರಿ
ಕೊಡಲಿ ಮಾತ್ರ ಒಳಗೆ ಹೋಗಕೂಡದು
ಎಂದು ಬರೆದಿತ್ತು.
ಗುಮಾಸ್ತ ಕನ್ನಡಕ ಏರಿಸಿದ: "ಎಷ್ಟು ವರ್ಷದ ಮಟ್ಟಿಗೆ?"
"ಸೂರ್ಯಚಂದ್ರರಿರುವ ತನಕ."
"ಅಂಕಿ ಬರೆಯುವ ಚೌಕ ಇದು, ಸೆನ್ಯೋರಾ."
ಅವಳು ಅವನ ಪೆನ್ನು ಕಸಿದುಕೊಂಡು
ಚೌಕದ ಈ ಮೂಲೆಯಿಂದ ಆ ಮೂಲೆಗೆ
ಒಂದು ಗೀಟು ಎಳೆದಳು.
ಕೆಳಗೆ ನಾನು ರುಜು ಹಾಕಿದೆ.

ಕೆಯುಲೆಯ ಬೀಜ ಅಂದರೆ ಕಲ್ಲು.
ಗ್ಯಾರೇಜಿನಿಂದ ತಂದ ಹಿಡಿಕೆಗೆ ಕಚ್ಚಿಸಿ
ಕೂದಲೆಳೆಯಷ್ಟು ತಿರುಗಿಸಬೇಕು;
ಕಮ್ಮಿಯಾದರೆ ಬಾಯಿ ಬಿಡುವುದಿಲ್ಲ,
ಹೆಚ್ಚಾದರೆ ಒಳಗಿನ ಜೀವ ಅಪ್ಪಚ್ಚಿ.
ಮೊದಲ ವರ್ಷ ಇನ್ನೂರು ಬೀಜ.
ಮೊಳೆತದ್ದು ಏಳು.
ಇಲಿ ತಿಂದದ್ದು ಮೂರು.
ಒಂದನ್ನು ನಾನೇ ತುಳಿದೆ. ಹಳೇ ಚಾಳಿ, ಹಿಮ್ಮಡಿ.
ಆ ರಾತ್ರಿ ಹೇಳಲಿಲ್ಲ.
ಬೆಳಿಗ್ಗೆ ಹೇಳಿದೆ.
"ಮೂರಿವೆಯಲ್ಲ," ಅಂದಳು,
ಕೆಟಲ್ಲಿನ ಕಡೆ ತಿರುಗಿಕೊಂಡು.

ಬೆಂಕಿ ಬಂದದ್ದು ಜನವರಿಯಲ್ಲಿ,
ನನ್ನ ಪೈನುಗಳ ಮೇಲೆ ಸವಾರಿ ಮಾಡಿ.
ಸಾಲಾಗಿ ನೆಟ್ಟಿದ್ದೆನಲ್ಲ,
ಸಾಲು ತಪ್ಪದೆ ಓಡಿ ಬಂತು.
ತೊರೆಯ ದಂಡೆಯ ಎಂಟು ಮರ ಉಳಿದವು.
ಮಿಕ್ಕ ಹನ್ನೊಂದು ಕರಿಕಂಬ.
"ಪತ್ರ ಸುಡಲಿಲ್ಲ, ತಗಡಿನ ಪೆಟ್ಟಿಗೆಯಲ್ಲಿತ್ತು,"
ಅಂದು ನಕ್ಕಳು ಸುನಿಲ್ಡಾ.
ನಗು ಅಂತ ನಾನು ಕರೆಯುತ್ತಿದ್ದೇನೆ.

ಎರಡು ಮಳೆ ಕಳೆದು ಒಂದು ಬುಡದಲ್ಲಿ,
ಸತ್ತಿದೆ ಎಂದು ನಾನೇ ಬಳಿದ ಸುಣ್ಣದ ಪಟ್ಟಿಯ ಕೆಳಗೆ,
ನಾಲಿಗೆ ಚಾಚಿದ ಹಾಗೆ ಚಿಗುರು.
ಆಮೇಲೆ ಇನ್ನೊಂದರಲ್ಲಿ.
ಎಲ್ಲದರಲ್ಲೂ ಅಲ್ಲ. ನಾಲ್ಕರಲ್ಲಿ.

ಆದರೆ ಬೂದಿಗೆ ತನ್ನವರು ಪರರು ಅಂತಿಲ್ಲ.
ಬಿಸಿಗೆ ಸಿಡಿದ ಪೈನ್ ಕಾಯಿಗಳ ರೆಕ್ಕೆಬೀಜ
ಬೇಲಿ ದಾಟಿ ಬಂದು ಕಣಿವೆ ತುಂಬ ಎದ್ದಿವೆ.
ಈಗ ನನ್ನ ಕೆಲಸ ಮೊಣಕಾಲೂರಿ ಅವನ್ನು ಕೀಳುವುದು.
ಇವುಗಳ ತಾಯಂದಿರನ್ನು ಬಲ್ಲೆ;
ಗುಂಡಿ ತೋಡಿ ನಿಲ್ಲಿಸಿದವನು ನಾನೇ.
ಬೆರಳೆತ್ತರ, ಎಳೆ ಹಸಿರು,
ಕೀಳುವಾಗ ಅದೇ ವಾಸನೆ,
ಹದಿನಾರು ಚಳಿಗಾಲ ನನ್ನ ಮಕ್ಕಳ ತಟ್ಟೆಗೆ
ರೊಟ್ಟಿ ಹಾಕಿದ ವಾಸನೆ.
ತಪ್ಪು ಅವುಗಳದಲ್ಲ.
ಕೀಳುತ್ತೇನೆ.

ದಿನಕ್ಕೆ ಸಾವಿರ ಆಗಬಹುದು, ಕಣ್ಣಳತೆಯಲ್ಲಿ.
ಕೈಗೆ ಹಳೆಯ ಓಟವೇ ಸಿಕ್ಕಿದೆ, ಹಿಂದುಮುಂದಾಗಿ.
ಆ ಮೂರರಲ್ಲಿ ಉಳಿದ ಒಂದೇ ಸಸಿಯ
ಹತ್ತಿರ ಬಂದಾಗ ಮಾತ್ರ
ಕೂತು, ಲೇಸು ಸಡಿಲಿಸಿ,
ಬೂಟು ಬಿಚ್ಚಿಡುತ್ತೇನೆ.